ಡಾಕ್ಟರಿಕೆಗೂ ಇಂಜಿನಿಯರಿಂಗಿಗೂ ನಡುವಿನ ದಾರಿ: ಬಯೋಮೆಟೀರಿಯಲ್ಸ್ ಬಗ್ಗೆ ಮೈಸೂರು, ಮಂಡ್ಯದವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಲ್ಯಾಬೊಂದರಲ್ಲಿ ಬಯೋಮೆಟೀರಿಯಲ್ಸ್ ಕೆಲಸ ಮಾಡುವ ನನ್ನನ್ನು ಪಿಯುಸಿ ಮಕ್ಕಳು, ಅವರ ಅಪ್ಪ ಅಮ್ಮ, ಎಂಬಿಬಿಎಸ್ ಮುಗಿಸಿದವರು, ಬಿಇ ಮುಗಿಸಿ ಮುಂದೇನು ಅಂತ ಯೋಚಿಸುತ್ತಿರುವವರು ಬಂದು ಮಾತಾಡಿಸುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರ. ಉತ್ತರ ಒಂದೇ ಕಡೆ ಸಿಗಲಿ ಅಂತ ಇಲ್ಲಿ ಬರೆದಿಟ್ಟಿದ್ದೇನೆ.

ಬಯೋಮೆಟೀರಿಯಲ್ ಅಂದರೆ ಏನು?

ಕೆಟ್ಟುಹೋದ ಅಂಗದ ಕೆಲಸ ನಡೆಸಲು, ಇಲ್ಲವೇ ಗಾಯ ಕೂಡಿಸಲು ದೇಹದೊಳಗೆ ಇಡುವ ವಸ್ತು. ಲೋಹ ಇರಬಹುದು, ಪ್ಲಾಸ್ಟಿಕ್ ಇರಬಹುದು, ಪಿಂಗಾಣಿ, ಗಾಜು, ರೇಷ್ಮೆಯೂ ಇರಬಹುದು. ನಿಮ್ಮ ಮನೆಯಲ್ಲೇ ನೋಡಿ. ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಗಿದ್ದರೆ ಕಣ್ಣೊಳಗೆ ಪ್ಲಾಸ್ಟಿಕ್ ಲೆನ್ಸ್ ಇರುತ್ತೆ. ಚಿಕ್ಕಪ್ಪನ ಹಾರ್ಟಿಗೆ ಹಾಕಿದ ಸ್ಟೆಂಟ್ ಬಹುಶಃ ಕೋಬಾಲ್ಟ್ ಕ್ರೋಮಿಯಂ. ಬೈಕಿಂದ ಬಿದ್ದವರ ಕಾಲಲ್ಲಿರುವ ರಾಡು ಟೈಟಾನಿಯಂ ಅಥವಾ ಸ್ಟೀಲ್. ಹೆರಿಗೆ ಆಪರೇಷನ್‌ನಲ್ಲಿ ಹಾಕುವ ಕರಗುವ ದಾರ ಕೂಡ ಇದೇ ಜಾತಿಗೆ ಸೇರಿದ್ದು.

ಇದು ಡಾಕ್ಟರ್ ಕೆಲಸವೋ, ಇಂಜಿನಿಯರ್ ಕೆಲಸವೋ?

ಎರಡೂ. ಬಾಯಲ್ಲಿ ಹೇಳಿದರೆ ನಂಬಿಕೆ ಬರಲ್ಲ, ಹಾಗಾಗಿ ನಡೆದ ಎರಡು ಕಥೆ ಹೇಳುತ್ತೇನೆ.

ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲೆಂಡಿನ ಕಣ್ಣಿನ ಡಾಕ್ಟರ್ ಗಾಯಗೊಂಡ ಪೈಲಟ್‌ಗಳನ್ನು ನೋಡುತ್ತಿದ್ದರು. ವಿಮಾನದ ಮೇಲ್ಮುಚ್ಚಳ ಒಡೆದು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಚೂರುಗಳು ಕಣ್ಣೊಳಗೆ ಹೊಕ್ಕಿದ್ದವು. ಹೊರಗಿನ ವಸ್ತು ಒಳಗೆ ಹೋದರೆ ಕಣ್ಣು ಕೆಂಪಾಗಿ ಊದಿಕೊಳ್ಳಬೇಕು. ಇಲ್ಲಿ ಅಂಥದ್ದೇನೂ ಆಗಿರಲಿಲ್ಲ. ಇದನ್ನು ಗಮನಿಸಿದ ರಿಡ್ಲಿ 1949ರಲ್ಲಿ ಅಕ್ರಿಲಿಕ್‌ನಿಂದಲೇ ಲೆನ್ಸ್ ಮಾಡಿಸಿ, ಪೊರೆ ತೆಗೆದ ಕಣ್ಣಿನಲ್ಲಿ ಇಟ್ಟರು. ಲೆನ್ಸ್ ಮಾಡಲು ಜೊತೆಗೆ ನಿಂತವರು ರೇನರ್ ಕಂಪನಿಯ ಜಾನ್ ಪೈಕ್. ಡಾಕ್ಟರ್ ಕಣ್ಣಿಗೆ ಬಿದ್ದಿದ್ದನ್ನು ಲೆನ್ಸ್ ಬಲ್ಲವರು ವಸ್ತುವಾಗಿ ಮಾಡಿಕೊಟ್ಟರು. ರಿಡ್ಲಿ ಅವರ ಜೊತೆಯ ಡಾಕ್ಟರುಗಳೇ ಎಷ್ಟೋ ವರ್ಷ ಇದನ್ನು ವಿರೋಧಿಸಿದರು. ಇವತ್ತು ಊರೂರಿನ ಕಣ್ಣಿನ ಶಿಬಿರಗಳಲ್ಲಿ ಹಾಕುವುದು ಅದರದೇ ಮುಂದಿನ ರೂಪ. ತಮಿಳುನಾಡಿನ ಮದುರೆಯಲ್ಲಿ 1992ರಲ್ಲಿ ಶುರುವಾದ ಅರೋಲ್ಯಾಬ್ ಈ ಲೆನ್ಸನ್ನು ನಮ್ಮಲ್ಲೇ ತಯಾರಿಸಿ ಬಡವರ ಕೈಗೆಟುಕುವ ಬೆಲೆಗೆ ತಂದಿತು.

ಎರಡನೆಯದು ನಮ್ಮ ಪಕ್ಕದ ಕೇರಳದ್ದು. ಹಾರ್ಟ್ ಸರ್ಜನ್ ಡಾ. ಎಂ. ಎಸ್. ವಲಿಯತ್ತಾನ್ ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಕಟ್ಟುವಾಗ ಆಸ್ಪತ್ರೆಯ ಜೊತೆಗೇ ಇಂಜಿನಿಯರುಗಳ ವಿಭಾಗವನ್ನೂ ಕಟ್ಟಿದರು. ಆಗ ಹೃದಯದ ಕವಾಟ ಹೊರದೇಶದಿಂದ ಬರಬೇಕಿತ್ತು. ಬಡವರಿಗೆ ಅದು ಕನಸಿನ ಮಾತು. ಜಿ. ಎಸ್. ಭುವನೇಶ್ವರ್ ಮತ್ತು ಇತರ ಇಂಜಿನಿಯರುಗಳ ಜೊತೆ ಸೇರಿ ನಮ್ಮದೇ ಕವಾಟ ಮಾಡಲು ಕೂತರು. ಒಂದು ಉಂಗುರ, ಅದರೊಳಗೆ ವಾಲಿಕೊಂಡು ತೆರೆದು ಮುಚ್ಚುವ ಒಂದು ಬಿಲ್ಲೆ. ನೋಡಲು ಅಷ್ಟೇ.

ಆದರೆ ಲೆಕ್ಕ ಹಾಕಿ. ಹೃದಯ ನಿಮಿಷಕ್ಕೆ ಸುಮಾರು 70 ಸಲ ಬಡಿದರೆ ದಿನಕ್ಕೆ ಒಂದು ಲಕ್ಷ ಸಲ ಆಯಿತು. ವರ್ಷಕ್ಕೆ ಮೂರೂವರೆ ಕೋಟಿ ದಾಟುತ್ತೆ. ಅಷ್ಟು ಸಲ ತೆರೆದು ಮುಚ್ಚಿದರೂ ಬಿಲ್ಲೆ ಸವೆಯಬಾರದು, ಬೆಸುಗೆ ಬಿಡಬಾರದು, ಮೇಲೆ ರಕ್ತ ಹೆಪ್ಪುಗಟ್ಟಬಾರದು. ನೀಲಮಣಿ ಹರಳಿನ ಬಿಲ್ಲೆಯನ್ನೂ ಅವರು ಪ್ರಯತ್ನಿಸಿದರು, ಕೈಕೊಟ್ಟಿತು. ಮೊದಲ ಮೂರು ಮಾದರಿಗಳನ್ನು ಕೈಬಿಡಬೇಕಾಯಿತು. ನಾಲ್ಕನೆಯದರಲ್ಲಿ ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಚೌಕಟ್ಟು, ತುಂಬಾ ಗಟ್ಟಿ ಜಾತಿಯ ಪಾಲಿಎಥಿಲೀನ್ ಬಿಲ್ಲೆ, ಹೊಲಿಯಲು ಪಾಲಿಯೆಸ್ಟರ್ ಬಟ್ಟೆಯ ಅಂಚು. ಮೊದಲು ಕುರಿಗಳಲ್ಲಿ ಇಟ್ಟು ನೋಡಿದರು. 1990ರ ಡಿಸೆಂಬರ್‌ನಲ್ಲಿ ಮೊದಲ ರೋಗಿಗೆ ಹಾಕಿದರು. ಆಮೇಲೆ ಅದು ಒಂದು ಲಕ್ಷಕ್ಕೂ ಹೆಚ್ಚು ಜನರ ಎದೆಯೊಳಗೆ ಹೋಗಿದೆ. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು. 2024ರಲ್ಲಿ ತೀರಿಕೊಂಡರು.

ಈ ವೃತ್ತಿ ಹೇಗಿರುತ್ತೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇವರ ಕಥೆಯನ್ನೇ. ಅವರು ಇಂಜಿನಿಯರಿಂಗ್ ಡಿಗ್ರಿ ತಗೊಳ್ಳಲಿಲ್ಲ. ಇಂಜಿನಿಯರುಗಳ ಪಕ್ಕದಲ್ಲಿ ವರ್ಷಗಟ್ಟಲೆ ಕೂತರು. ಈ ಎರಡನೆಯದು ಡಿಗ್ರಿಗಿಂತ ಕಷ್ಟ.

ದೇಹದೊಳಗೆ ಇಟ್ಟ ಒಳ್ಳೆ ಲೋಹ ಯಾಕೆ ಕೆಡುತ್ತೆ?

ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು. ಇಡೀ ಸಂಶೋಧನೆ ಇರುವುದೇ ಇಲ್ಲಿ.

ವಸ್ತು ಒಳಗೆ ಹೋದ ಕೆಲವೇ ಕ್ಷಣದಲ್ಲಿ ರಕ್ತದ ಪ್ರೋಟೀನುಗಳು ಅದರ ಮೈಗೆ ಅಂಟಿಕೊಳ್ಳುತ್ತವೆ. ಆಮೇಲೆ ಬರುವ ಜೀವಕೋಶಗಳು ನೋಡುವುದು ಆ ಪ್ರೋಟೀನಿನ ಪದರವನ್ನು, ನಿಮ್ಮ ಟೈಟಾನಿಯಮ್ಮನ್ನಲ್ಲ. ಪದರ ಹಿಡಿಸದಿದ್ದರೆ ಮ್ಯಾಕ್ರೋಫೇಜ್ ಎಂಬ ಕಾವಲು ಕೋಶಗಳು ಅದನ್ನು ತಿನ್ನಲು ನೋಡುತ್ತವೆ. ತಿನ್ನಲಾಗದಿದ್ದರೆ ಸುತ್ತ ನಾರಿನ ಗೋಡೆ ಕಟ್ಟಿ ಬೇರೆ ಮಾಡಿಬಿಡುತ್ತವೆ.

ಇನ್ನೊಂದು ತೊಂದರೆ ಗಡಸುತನದ್ದು. ನಮ್ಮ ಗಟ್ಟಿ ಮೂಳೆಯ ಬಿಗುವು 10ರಿಂದ 20 ಗಿಗಾಪಾಸ್ಕಲ್ (ಬಿಗುವು ಅಳೆಯುವ ಮಾನ). ಟೈಟಾನಿಯಂ ಸುಮಾರು 110. ಸ್ಟೀಲ್ ಸುಮಾರು 200. ಲೋಹ ಅಷ್ಟು ಗಡುಸಾದ್ದರಿಂದ ಭಾರವನ್ನೆಲ್ಲ ತಾನೇ ಹೊರುತ್ತೆ. ಮನೆಯಲ್ಲಿ ಒಬ್ಬರೇ ಎಲ್ಲ ಕೆಲಸ ಮಾಡಿದರೆ ಉಳಿದವರಿಗೆ ಮೈ ಬಗ್ಗಲ್ಲ, ಅಲ್ವಾ? ಮೂಳೆಯೂ ಹಾಗೇ. ಕೆಲಸವಿಲ್ಲದ ಮೂಳೆ ತೆಳ್ಳಗಾಗುತ್ತಾ ಹೋಗಿ ಇಂಪ್ಲಾಂಟ್, ಅಂದರೆ ಒಳಗಿಟ್ಟ ವಸ್ತು, ಸಡಿಲವಾಗುತ್ತೆ.

ಮೂರನೆಯದು ಸವೆತ. ಇಂಗ್ಲೆಂಡಿನ ಮೂಳೆ ಸರ್ಜನ್ ಜಾನ್ ಚಾರ್ನ್ಲಿ 1950ರ ದಶಕದ ಕೊನೆಯಲ್ಲಿ ಸೊಂಟದ ಕೀಲಿಗೆ ಟೆಫ್ಲಾನ್ ಬಟ್ಟಲು ಹಾಕಿದರು. ಜಾರುವ ಗುಣ ಚೆನ್ನಾಗಿತ್ತು, ರೋಗಿಗಳು ಎದ್ದು ಓಡಾಡಿದರು. ಕೆಲವೇ ವರ್ಷಕ್ಕೆ ಬಟ್ಟಲು ಸವೆದು, ಉದುರಿದ ಪುಡಿಗೆ ಸುತ್ತಲಿನ ಅಂಗಾಂಶ ಕೆರಳಿ, ಎಲ್ಲವನ್ನೂ ಬಿಚ್ಚಿ ತೆಗೆಯಬೇಕಾಯಿತು. ಆ ಹೊತ್ತಿಗೆ ಮಗ್ಗದ ಗೇರುಗಳಿಗೆ ಬಳಸುವ ಪಾಲಿಎಥಿಲೀನ್ ತುಂಡೊಂದು ಮಾರಾಟಗಾರನ ಕೈಯಿಂದ ಲ್ಯಾಬಿಗೆ ಬಂತು. ಚಾರ್ನ್ಲಿ ಅವರಿಗೆ ಅದರಲ್ಲಿ ನಂಬಿಕೆ ಇರಲಿಲ್ಲ. ಅವರ ವರ್ಕ್‌ಶಾಪ್‌ನ ತಂತ್ರಜ್ಞ ಹ್ಯಾರಿ ಕ್ರೇವನ್ ಸುಮ್ನೆ ಬಿಡಲಿಲ್ಲ. ಸವೆತದ ಯಂತ್ರಕ್ಕೆ ಹಾಕಿ ಓಡಿಸಿದರು. ಅದು ಸವೆಯುತ್ತಲೇ ಇಲ್ಲ! 1962ರಿಂದ ಚಾರ್ನ್ಲಿ ಅದನ್ನೇ ಹಾಕತೊಡಗಿದರು. ಸೊಂಟ, ಮಂಡಿ ಕೀಲುಗಳಲ್ಲಿ ಇವತ್ತಿಗೂ ಆ ಪ್ಲಾಸ್ಟಿಕ್ಕಿನ ವಂಶದ್ದೇ ಇದೆ.

ಡಿಪ್ಲೊಮಾ ಓದುವ ಮಕ್ಕಳಿಗೆ ಕ್ರೇವನ್ ಹೆಸರನ್ನು ನಾನು ತಪ್ಪದೆ ಹೇಳುತ್ತೇನೆ.

ಮಗಳು ಸೆಕೆಂಡ್ ಪಿಯುಸಿ, ಪಿಸಿಎಂಬಿ. ನೀಟ್ ಬರೆಯಬೇಕಾ, ಸಿಇಟಿ ಬರೆಯಬೇಕಾ?

ಎರಡೂ ಬರೆಯಲಿ. ಆಯ್ಕೆ ಮಾಡುವಾಗ ಒಂದು ವಿಷಯ ನೋಡಿ. ಆಕೆಗೆ ರೋಗಿಯ ಪಕ್ಕ ನಿಲ್ಲುವುದು ಇಷ್ಟವಾ, ವಸ್ತುವನ್ನು ಬಿಚ್ಚಿ ಜೋಡಿಸುವುದು ಇಷ್ಟವಾ? ಮೊದಲನೆಯದಾದರೆ ಎಂಬಿಬಿಎಸ್, ಎರಡನೆಯದಾದರೆ ಬಿಇ ಅಥವಾ ಬಿಎಸ್ಸಿ. ಬಯೋಮೆಟೀರಿಯಲ್ಸ್‌ಗೆ ಎರಡೂ ಕಡೆಯಿಂದ ಬರಬಹುದು.

ಹದಿನೇಳನೇ ವಯಸ್ಸಿಗೇ ಎರಡನ್ನೂ ಬೆರೆಸಿದ ಕೋರ್ಸ್ ಹುಡುಕುವವರಿದ್ದಾರೆ. ಬಯೋಮೆಡಿಕಲ್ ಇಂಜಿನಿಯರಿಂಗ್ ಒಳ್ಳೆಯ ಕೋರ್ಸೇ. ಆದರೂ ಮೊದಲು ಒಂದು ವಿಷಯದಲ್ಲಿ ಬೇರು ಆಳಕ್ಕೆ ಇಳಿಯಬೇಕು ಅನ್ನುವುದು ನನ್ನ ಗಟ್ಟಿ ನಂಬಿಕೆ. ಮೆಕ್ಯಾನಿಕಲ್, ಪಾಲಿಮರ್, ಕೆಮಿಸ್ಟ್ರಿ, ಮೆಡಿಸಿನ್, ಡೆಂಟಲ್, ಯಾವುದಾದರೂ ಸರಿ. ಸರ್ಜನ್ ನಿಮ್ಮ ಜೊತೆ ಕೂರುವುದು ಅವರಿಗೆ ಗೊತ್ತಿಲ್ಲದ ಒಂದು ವಿಷಯ ನಿಮಗೆ ಚೆನ್ನಾಗಿ ಗೊತ್ತಿದ್ದಾಗ ಮಾತ್ರ.

ಎಂಬಿಬಿಎಸ್ ಮುಗಿದಿದೆ. ಪಿಜಿ ಬಿಟ್ಟು ಈ ಕಡೆ ಬರಬಹುದಾ?

ಬರಬಹುದು. ಐಐಟಿ ಖರಗ್‌ಪುರದಲ್ಲಿ ಎಂಬಿಬಿಎಸ್ ಆದವರಿಗೆಂದೇ ಮೆಡಿಕಲ್ ಸೈನ್ಸ್ ಅಂಡ್ ಟೆಕ್ನಾಲಜಿ ಮಾಸ್ಟರ್ಸ್ ಇದೆ, ಮೂರು ವರ್ಷದ್ದು. ಡಾಕ್ಟರುಗಳನ್ನು ಇಂಜಿನಿಯರಿಂಗ್ ಲ್ಯಾಬಿನಲ್ಲಿ ಕೂರಿಸುವ ಕೋರ್ಸ್ ಅದು. ಬೆಂಗಳೂರಿನ ಐಐಎಸ್‌ಸಿಯ ಬಯೋಇಂಜಿನಿಯರಿಂಗ್ ವಿಭಾಗ, ಶ್ರೀ ಚಿತ್ರಾ ಸಂಸ್ಥೆ, ಇಲ್ಲೆಲ್ಲ ಪಿಎಚ್‌ಡಿ ಮಾಡಬಹುದು.

ಪಿಜಿ ಬಿಡಿ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ. ಮೂಳೆ, ಹಲ್ಲು, ಕಣ್ಣು, ಹೃದಯ, ಪ್ಲಾಸ್ಟಿಕ್ ಸರ್ಜರಿ ಮಾಡಿದವರಿಗೆ ಪ್ರಶ್ನೆಗಳು ತಾವಾಗೇ ಸಿಗುತ್ತವೆ. ದಿನಾ ಆಪರೇಷನ್ ಥಿಯೇಟರಿನಲ್ಲಿ ಯಾವ ಪ್ಲೇಟು ಬಗ್ಗುತ್ತೆ, ಯಾವ ಸ್ಕ್ರೂ ಸಡಿಲವಾಗುತ್ತೆ ಅಂತ ಕಣ್ಣಾರೆ ನೋಡುವ ಭಾಗ್ಯ ಅವರದು. ಪಿಜಿ ಥೀಸಿಸ್ಸನ್ನೇ ಒಂದು ಇಂಜಿನಿಯರಿಂಗ್ ಕಾಲೇಜಿನ ಜೊತೆ ಸೇರಿ ಮಾಡಿದರೂ ಸೇತುವೆಯ ಮೊದಲ ಕಲ್ಲು ಇಟ್ಟ ಹಾಗೆ ಆಯಿತು.

ಬಿಇ ಮಾಡಿದವರಿಗೆ ಆಸ್ಪತ್ರೆ ಬಾಗಿಲು ತೆಗೆಯುತ್ತಾ?

ತೆಗೆಯುತ್ತೆ, ಸ್ವಲ್ಪ ತಟ್ಟಬೇಕು. ರಾಬರ್ಟ್ ಲ್ಯಾಂಗರ್ ಅಮೆರಿಕದಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿ 1974ರಲ್ಲಿ ಡಾಕ್ಟರೇಟ್ ಮುಗಿಸಿದರು. ಜೊತೆಯವರಿಗೆ ತೈಲ ಕಂಪನಿಗಳು ಕರೆದು ಕೆಲಸ ಕೊಡುತ್ತಿದ್ದ ಕಾಲ ಅದು. ಇವರು ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸರ್ಜನ್ ಜೂಡಾ ಫೋಕ್‌ಮನ್ ಅವರ ಲ್ಯಾಬಿಗೆ ಹೋದರು. 1976ರಲ್ಲಿ ಇಬ್ಬರೂ ಸೇರಿ, ಪ್ರೋಟೀನಿನಂಥ ದೊಡ್ಡ ಅಣುವನ್ನು ಪಾಲಿಮರ್ ಒಳಗೆ ಇಟ್ಟು ನಿಧಾನವಾಗಿ ಹೊರಬಿಡಬಹುದು ಅಂತ ತೋರಿಸಿದರು. ಆಗದು ಅಂತ ಬಹಳ ಜನ ಹೇಳಿದ್ದ ಕೆಲಸ ಅದು. ಮುಂದೆ ಮಿದುಳಿನ ಗೆಡ್ಡೆ ತೆಗೆದ ಜಾಗದಲ್ಲಿ ಇಡುವ ಔಷಧಿ ಬಿಲ್ಲೆ ಬಂದದ್ದು ಇದೇ ದಾರಿಯಲ್ಲಿ.

ಪರೀಕ್ಷೆ ಬೇಕು ಅನ್ನುವವರಿಗೆ: ಎಂಟೆಕ್ ಪ್ರವೇಶದ ಪರೀಕ್ಷೆ ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್ ಇಂಜಿನಿಯರಿಂಗ್ ಪೇಪರ್ ಇದೆ. ನಿಮ್ಮ ಮೂಲ ವಿಷಯದ ಪೇಪರನ್ನು ಒಪ್ಪುವ ವಿಭಾಗಗಳೂ ಇವೆ. ಐಐಟಿ ಮದ್ರಾಸ್, ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಮತ್ತು ಶ್ರೀ ಚಿತ್ರಾ ಸೇರಿ ನಡೆಸುವ ಕ್ಲಿನಿಕಲ್ ಇಂಜಿನಿಯರಿಂಗ್ ಎಂಟೆಕ್ ನೋಡಿ. ಆಸ್ಪತ್ರೆ ಒಳಗೇ ಕಲಿಸುತ್ತಾರೆ.

ಮೈಸೂರು, ಮಂಡ್ಯ ಬಿಟ್ಟು ಹೋಗದೆ ಏನಾದರೂ ಮಾಡಬಹುದಾ?

ಶುರು ಮಾಡಲು ಬೇಕಾದ್ದೆಲ್ಲ ಇಲ್ಲೇ ಇದೆ, ಬೇರೆ ಬೇರೆ ಕಾಂಪೌಂಡಿನೊಳಗೆ. ಮೈಸೂರು ಮೆಡಿಕಲ್ ಕಾಲೇಜು 1924ರದು, ಅದಕ್ಕೆ ಸೇರಿದ ಕೆ.ಆರ್. ಆಸ್ಪತ್ರೆ ಇದೆ. ಜೆಎಸ್‌ಎಸ್‌ನಲ್ಲಿ ಮೆಡಿಕಲ್, ಡೆಂಟಲ್, ಫಾರ್ಮಸಿ ಮೂರೂ ಇವೆ. ಇಂಜಿನಿಯರಿಂಗ್ ಕಾಲೇಜುಗಳ ಪೈಕಿ ಎಸ್‌ಜೆಸಿಇಯಲ್ಲಿ ಪಾಲಿಮರ್ ಸೈನ್ಸ್ ಅಂಡ್ ಟೆಕ್ನಾಲಜಿ ವಿಭಾಗ ಇದೆ. ಎನ್‌ಐಇಯಲ್ಲಿ ಮೆಕ್ಯಾನಿಕಲ್ ಇದೆ. ಪ್ಲಾಸ್ಟಿಕ್ ಅಚ್ಚು, ಪರೀಕ್ಷೆ ಕಲಿಸುವ ಸಿಪೆಟ್ ಇದೆ. ವಾಕ್ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳಿಗೆ ಕೇಳುವುದನ್ನೂ ಮಾತನ್ನೂ ಕಲಿಸುತ್ತಾರೆ. ಆ ಇಂಪ್ಲಾಂಟಿನಲ್ಲಿ ಪ್ಲಾಟಿನಂ, ಸಿಲಿಕೋನ್, ಟೈಟಾನಿಯಂ ಮೂರೂ ಒಟ್ಟಿಗಿರುತ್ತವೆ. ಮಂಡ್ಯದಲ್ಲಿ ಮಿಮ್ಸ್ ಮೆಡಿಕಲ್ ಕಾಲೇಜು ಮತ್ತು ಪಿಇಎಸ್ ಇಂಜಿನಿಯರಿಂಗ್ ಕಾಲೇಜು ಒಂದೇ ಊರಲ್ಲಿವೆ.

ಕೊರತೆ ಇರುವುದು ಒಬ್ಬರ ಬಾಗಿಲಿಂದ ಇನ್ನೊಬ್ಬರ ಬಾಗಿಲಿಗೆ ನಡೆದು ಹೋಗುವವರದು. ಮೂಳೆ ವಿಭಾಗದಲ್ಲಿ ತೆಗೆದ ಹಳೇ ಇಂಪ್ಲಾಂಟನ್ನು ಅನುಮತಿ ಪಡೆದು, ಶುದ್ಧ ಮಾಡಿ, ಮೆಟಲರ್ಜಿ ಮೈಕ್ರೋಸ್ಕೋಪಿನಡಿ ನೋಡಿದರೆ ಒಂದು ಫೈನಲ್ ಇಯರ್ ಪ್ರಾಜೆಕ್ಟಿಗೆ ಸಾಕಾಗುವಷ್ಟು ವಿಷಯ ಸಿಗುತ್ತೆ. ಬಿರುಕು ಎಲ್ಲಿಂದ ಶುರುವಾಯಿತು, ಸ್ಕ್ರೂ ತಲೆಯ ಅಡಿ ತುಕ್ಕು ಹಿಡಿದಿದೆಯಾ, ಎಲ್ಲ ಅದರ ಮೈಮೇಲೇ ಬರೆದಿರುತ್ತೆ.

ರೇಷ್ಮೆಯಿಂದ ಇಂಪ್ಲಾಂಟ್ ಮಾಡುತ್ತಾರಂತೆ, ನಿಜವಾ?

ನಿಜ. ರೇಷ್ಮೆ ದಾರದಲ್ಲಿ ಗಾಯ ಹೊಲಿಯುವುದು ಹಳೇ ಪದ್ಧತಿ. ಈಗ ಅದರ ಪ್ರೋಟೀನನ್ನು ಬೇರ್ಪಡಿಸಿ ಹೊಸ ರೂಪ ಕೊಡುವ ಕೆಲಸ ಜಗತ್ತಿನ ಎಷ್ಟೋ ಲ್ಯಾಬುಗಳಲ್ಲಿ ನಡೆಯುತ್ತಿದೆ. ಹಿಪ್ಪುನೇರಳೆ ಬೆಳೆಯುವ ನಮ್ಮ ಸೀಮೆಯಲ್ಲಿ, ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ ಇರುವ ಮೈಸೂರಿನಲ್ಲಿ, ಇದು ಇನ್ನೂ ಜಾಸ್ತಿ ಆಗಬೇಕು.

ಲ್ಯಾಬಿನಲ್ಲಿ ಹೇಗೆ ಮಾಡುತ್ತೇವೆ ಅಂತ ಹೇಳುತ್ತೇನೆ. ಗೂಡನ್ನು ಕತ್ತರಿಸಿ ಒಳಗಿನ ಹುಳ ತೆಗೆಯಬೇಕು. ಹೇಗೂ ಕತ್ತರಿಸುವುದರಿಂದ ನೂಲು ಬಿಚ್ಚಲು ಬಾರದ ಗೂಡೂ ನಡೆಯುತ್ತೆ. ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿನಲ್ಲಿ ಅರ್ಧ ಗಂಟೆ ಕುದಿಸಿದರೆ ಸೆರಿಸಿನ್ ಎಂಬ ಅಂಟು ಬಿಡುತ್ತೆ. ಗೂಡಿನ ತೂಕದಲ್ಲಿ ಕಾಲು ಭಾಗದಷ್ಟು ಅದೇ. ನೀರು ಲೋಳೆಯಾಗುತ್ತೆ, ಲ್ಯಾಬ್ ತುಂಬಾ ರೀಲಿಂಗ್ ಮನೆಯ ವಾಸನೆ. ಅಂಟು ಉಳಿದರೆ ದೇಹ ಕೆರಳುವ ಸಂಭವ ಜಾಸ್ತಿ, ಹಾಗಾಗಿ ಚೆನ್ನಾಗಿ ತೊಳೆದು ಹಿಂಡಿ ಒಣಗಿಸುತ್ತೇವೆ. ಉಳಿಯುವುದು ಹತ್ತಿಯಂಥ ಬಿಳಿ ಫೈಬ್ರಾಯಿನ್, ನಮಗೆ ಬೇಕಾದ ರೇಷ್ಮೆ ಪ್ರೋಟೀನ್. ಅದನ್ನು ಗಟ್ಟಿ ಲಿಥಿಯಂ ಬ್ರೋಮೈಡ್ ದ್ರಾವಣದಲ್ಲಿ 60 ಡಿಗ್ರಿಯಲ್ಲಿ ನಾಲ್ಕು ಗಂಟೆ ಇಟ್ಟರೆ ಕರಗುತ್ತೆ. ಆಮೇಲೆ ಡಯಾಲಿಸಿಸ್ ಕೊಳವೆಗೆ ತುಂಬಿ, ಎರಡು ದಿನ ನೀರು ಬದಲಿಸುತ್ತಾ ಉಪ್ಪನ್ನು ಹೊರಹಾಕಬೇಕು. ಕೊನೆಗೆ ಸಿಗುವ ದ್ರವವನ್ನು ತಟ್ಟೆಗೆ ಹುಯ್ದು ಒಣಗಿಸಿದರೆ ಗಾಜಿನ ಹಾಳೆಯಂಥ ಪೊರೆ, ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು. ಮೆಥನಾಲ್ ತಾಗಿಸಿದರೆ ಮತ್ತೆ ನೀರಿನಲ್ಲಿ ಕರಗದಂತೆ ಬಿಗಿಯಾಗುತ್ತೆ. ಆ ಸ್ಪಂಜಿನ ಸಣ್ಣ ತೂತುಗಳೊಳಗೆ ಜೀವಕೋಶ ಬೆಳೆಸಿ ನೋಡುತ್ತೇವೆ.

ಮೊದಲ ಸಲ ಮಾಡುವ ವಿದ್ಯಾರ್ಥಿಗಳಿಗೆ ಒಂದು ಮಾತು: ದ್ರವವನ್ನು ಜೋರಾಗಿ ಅಲ್ಲಾಡಿಸಬೇಡಿ. ಅಲ್ಲಾಡಿಸಿದರೆ ಬಾಟಲಿಯಲ್ಲೇ ಗಂಜಿ ಕಟ್ಟಿಬಿಡುತ್ತೆ.

ಮಂಡ್ಯದ ಕಬ್ಬಿಗೂ ಇದಕ್ಕೂ ಸಂಬಂಧ ಇದೆಯಾ?

ಇದೆ. ಸಕ್ಕರೆಯನ್ನು ಬ್ಯಾಕ್ಟೀರಿಯಾ ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ, ಅದನ್ನು ಸರಪಳಿಯಾಗಿ ಜೋಡಿಸಿದರೆ ಪಾಲಿಲ್ಯಾಕ್ಟಿಕ್ ಆಮ್ಲ. ದೇಹದಲ್ಲಿ ನಿಧಾನಕ್ಕೆ ಕರಗುವ ಸ್ಕ್ರೂ, ದಾರಗಳು ಇದರಿಂದ ಮತ್ತು ಇದರ ನೆಂಟ ಪಾಲಿಮರುಗಳಿಂದ ಆಗುತ್ತವೆ. ಆದರೆ ದೇಹದೊಳಗೆ ಇಡುವ ದರ್ಜೆಗೆ ಶುದ್ಧ ಮಾಡುವುದು ಬೇರೆಯೇ ಕೆಲಸ.

ಕನ್ನಡ ಮೀಡಿಯಂನಲ್ಲಿ ಓದಿದ್ದೇನೆ. ಹಿಂದೆ ಬೀಳ್ತೀನಾ?

ಇಂಗ್ಲಿಷಿನಲ್ಲಿ ಪೇಪರ್ ಓದಿ ಬರೆಯಬೇಕು, ಅದನ್ನು ಕಲಿಯಲೇಬೇಕು. ಒಂದೆರಡು ವರ್ಷ ಕಷ್ಟ, ಆಮೇಲೆ ರೂಢಿಯಾಗುತ್ತೆ. ಆದರೆ ನಿಮ್ಮ ಹತ್ತಿರ ಇರುವುದು ತುಂಬಾ ಜನ ಇಂಜಿನಿಯರುಗಳ ಹತ್ತಿರ ಇಲ್ಲ. ಮದ್ದೂರು ಕಡೆಯ ಒಬ್ಬ ಅಜ್ಜಿ ಮಂಡಿ ಆಪರೇಷನ್ ಆದ ಮೇಲೆ ಡಾಕ್ಟರಿಗೆ "ಚೆನ್ನಾಗಿದ್ದೀನಿ ಸ್ವಾಮಿ" ಅಂತಾರೆ. ಹೊರಗೆ ಬೆಂಚಿನ ಮೇಲೆ ಕೂತು "ಏನವ್ವ, ಹೊಲದ ಕಡೆ ಹೋಗ್ತಿದ್ದೀರಾ?" ಅಂತ ಕೇಳಿ ನೋಡಿ. ನಾಟಿ ಹಾಕಲು ಬಗ್ಗಕ್ಕಾಗಲ್ಲ, ಕುಕ್ಕರಗಾಲಲ್ಲಿ ಕೂರಕ್ಕಾಗಲ್ಲ, ಚಕ್ಕಳಮಕ್ಕಳ ಹಾಕಿದರೆ ಮೇಲೇಳಕ್ಕಾಗಲ್ಲ, ಎಲ್ಲ ಬರುತ್ತೆ. ಕುರ್ಚಿ ಮೇಲೆ ಕೂರುವ ಜನರಿಗಾಗಿ ರೂಪಿಸಿದ ಮಂಡಿ ಕೀಲು ನೆಲದ ಮೇಲೆ ಬದುಕುವವರಿಗೆ ಎಷ್ಟು ಬಗ್ಗಬೇಕು ಅನ್ನುವುದು ದೊಡ್ಡ ಸಂಶೋಧನಾ ಪ್ರಶ್ನೆ. ಆ ಪ್ರಶ್ನೆ ಹುಟ್ಟುವುದು ಆ ಬೆಂಚಿನ ಮೇಲೆ.

ಪ್ರಾಣಿಗಳ ಮೇಲೆ ಪ್ರಯೋಗ ಮಾಡಲೇಬೇಕಾ?

ಎಲ್ಲರೂ ಮಾಡಬೇಕಿಲ್ಲ. ಲೆಕ್ಕ, ಸವೆತ, ಕೋಶಗಳ ಪರೀಕ್ಷೆ ಇಷ್ಟರಲ್ಲೇ ವೃತ್ತಿ ಕಳೆಯುವವರಿದ್ದಾರೆ. ಆದರೆ ದೇಹದೊಳಗೆ ಇಡುವ ಹೊಸ ವಸ್ತು ಸಾಮಾನ್ಯವಾಗಿ ಆ ಹಂತ ದಾಟದೆ ಮನುಷ್ಯರಿಗೆ ಬರಲ್ಲ. ಅದಕ್ಕೆ ಪ್ರಾಣಿ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಕಡಿಮೆ ಪ್ರಾಣಿ, ಕಡಿಮೆ ನೋವು, ಸಾಧ್ಯವಾದರೆ ಬೇರೆ ದಾರಿ ಅನ್ನುವುದು ನಿಯಮ. ಅದನ್ನು ಮನಸ್ಸಿಟ್ಟು ಪಾಲಿಸಬೇಕು.

ಲ್ಯಾಬಿನಿಂದ ರೋಗಿಯವರೆಗೆ ಹೋಗಲು ಎಷ್ಟು ಕಾಲ ಬೇಕು?

ಹತ್ತು ಹದಿನೈದು ವರ್ಷ ಅಂದುಕೊಂಡೇ ಹೊರಡಿ. ಭಾರತದಲ್ಲಿ 2018ರ ಜನವರಿಯಿಂದ ಮೆಡಿಕಲ್ ಡಿವೈಸಸ್ ರೂಲ್ಸ್ ಜಾರಿಯಲ್ಲಿದೆ. ಅಪಾಯ ನೋಡಿ ಎ, ಬಿ, ಸಿ, ಡಿ ಅಂತ ನಾಲ್ಕು ವರ್ಗ. ಹೃದಯದ ಕವಾಟ ಡಿ ವರ್ಗ. ವಿಷ ಇದೆಯಾ, ಅಲರ್ಜಿ ಆಗುತ್ತಾ, ರಕ್ತಕ್ಕೆ ಹೊಂದುತ್ತಾ ಅಂತ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 10993 ಪ್ರಕಾರ ಪರೀಕ್ಷೆಗಳು. ಆಮೇಲೆ ರೋಗಿಗಳಲ್ಲಿ ಪ್ರಯೋಗ.

ಬೆಲೆಯನ್ನೂ ಮೊದಲ ದಿನದಿಂದ ಯೋಚಿಸಿ. 2017ರ ಫೆಬ್ರವರಿಯಲ್ಲಿ ಸರ್ಕಾರ ಔಷಧಿ ಲೇಪನದ ಸ್ಟೆಂಟಿಗೆ 29,600 ರೂಪಾಯಿ ಮಿತಿ ಹಾಕಿತು, ಅದೇ ವರ್ಷ ಮಂಡಿ ಇಂಪ್ಲಾಂಟಿಗೂ ಮಿತಿ ಬಂತು. ಅದಕ್ಕೆ ಮುಂಚೆ ಸ್ಟೆಂಟಿಗೆ ಲಕ್ಷಕ್ಕೂ ಜಾಸ್ತಿ ಕೊಟ್ಟವರಿದ್ದಾರೆ. ಕೆ.ಆರ್. ಆಸ್ಪತ್ರೆಯ ಸಾಲಿನಲ್ಲಿ ನಿಂತವರು ಕೊಳ್ಳಲಾಗದ್ದನ್ನು ಕಂಡುಹಿಡಿದರೆ ಅರ್ಧ ಕೆಲಸ ಬಾಕಿ ಇದೆ ಅಂತಲೇ ನಾನು ತಿಳಿಯುತ್ತೇನೆ.

ಸಂಬಳ? ಮನೆಯಲ್ಲಿ ಅದನ್ನೇ ಕೇಳ್ತಾರೆ.

ಕೇಳಬೇಕಾದ್ದೇ. 2023ರಿಂದ ಪಿಎಚ್‌ಡಿ ಮಾಡುವವರಿಗೆ ಸಿಗುವ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ 42,000, ಮೇಲೆ ಮನೆ ಬಾಡಿಗೆ ಭತ್ಯೆ. ಪಿಎಚ್‌ಡಿಗೆ ಐದು ವರ್ಷ ಇಟ್ಟುಕೊಳ್ಳಿ. ಐಟಿಗೆ ಹೋದ ಗೆಳೆಯರು ಆಗ ಮುಂದಿರುತ್ತಾರೆ. ಆಮೇಲೆ ಕಾಲೇಜು, ಸಂಶೋಧನಾ ಸಂಸ್ಥೆ, ಇಂಪ್ಲಾಂಟ್ ಕಂಪನಿ. ಕಂಪನಿಗಳು ಗುಜರಾತಿನ ಸೂರತ್, ವಾಪಿ ಕಡೆ ಜಾಸ್ತಿ. ಸ್ವಂತ ಕಂಪನಿ ಮಾಡುವವರಿಗೆ ಕೇಂದ್ರ ಸರ್ಕಾರದ ಸಂಸ್ಥೆ ಬೈರಾಕ್‌ನ ಬಿಗ್ ಯೋಜನೆಯಲ್ಲಿ 50 ಲಕ್ಷದವರೆಗೆ ಸಹಾಯಧನ ಸಿಗುತ್ತೆ. ಹೆಣ್ಣುಮಕ್ಕಳ ಅಪ್ಪ ಅಮ್ಮನಿಗೆ ಒಂದು ಮನವಿ: ಆ ಐದು ವರ್ಷದ ನಡುವೆ ಮದುವೆ ಮಾಡಿದರೂ ಓದು ನಿಲ್ಲಿಸಬೇಡಿ.

ಪ್ರೊಫೆಸರ್‌ಗೆ ಹೇಗೆ ಬರೆಯಲಿ? ಉತ್ತರವೇ ಬರಲ್ಲ.

ಒಂದೇ ಮೇಲನ್ನು ನೂರು ಜನಕ್ಕೆ ಕಳಿಸಿದರೆ ಬರಲ್ಲ. ಅವರ ಇತ್ತೀಚಿನ ಒಂದು ಪೇಪರ್ ಪೂರ್ತಿ ಓದಿ. ಅರ್ಥವಾಗದ ಒಂದು ಜಾಗ ಹಿಡಿದು ಅದರ ಬಗ್ಗೆ ಪ್ರಶ್ನೆ ಕೇಳಿ. ನಿಮ್ಮ ಕೈಗೆ ಏನು ಬರುತ್ತೆ ಅಂತ ಎರಡು ಸಾಲು: ಲೇತ್ ಓಡಿಸ್ತೀನಿ, ತ್ರೀಡಿ ಪ್ರಿಂಟರ್ ಗೊತ್ತು, ಗೂಡು ಬಿಡಿಸಿದ್ದೀನಿ, ಏನಿದ್ದರೂ ಸರಿ. ಯಾವ ತಿಂಗಳು ಬಿಡುವಿದ್ದೀರಿ ಅಂತ ಬರೆಯಿರಿ. ಹತ್ತು ದಿನ ಕಾದು ಒಂದು ಸಲ ನೆನಪಿಸಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಿ. ಅದರ ಅರ್ಜಿ ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ. ಹಾಗಾಗಿ ದಸರಾ ರಜೆಯಲ್ಲಿ ಅಂಕಪಟ್ಟಿ, ಶಿಫಾರಸು ಪತ್ರ ರೆಡಿ ಮಾಡಿಟ್ಟುಕೊಳ್ಳಿ.